ಬೆಟ್ಟ ಇಳಿದ ಮೇಲೆ ತೊಡೆ ಯಾಕೆ ಹಿಡ್ಕೊಳ್ಳುತ್ತೆ?

ಪ್ರಶ್ನೆ:
ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ, ನಡೆದೇ ಇಳಿದೆ. ಹತ್ತುವಾಗ ಏದುಸಿರು ಬಂತು, ಇಳಿಯುವಾಗ ಹಾಯಾಗಿತ್ತು. ಸೋಮವಾರ ತೊಡೆಯ ಮುಂಭಾಗ ಬಿಗಿ. ಮಂಗಳವಾರ ಗೋಡೆ ಹಿಡಿದು ಕೂರಬೇಕಾಯ್ತು! ಹತ್ತಿದ್ದಕ್ಕೇ ಹೀಗಾಯ್ತಾ?

ಉತ್ತರ 1:
ಲ್ಯಾಕ್ಟಿಕ್ ಆಮ್ಲ ಸೇರ್ಕೊಂಡಿದೆ. ಬಿಸಿನೀರು ಹುಯ್ಕೊಳ್ಳಿ.

ಉತ್ತರ 2:
ಆಮ್ಲ ಅಲ್ಲ ಸರ್. ಅದು ಒಂದೆರಡು ಗಂಟೆಯಲ್ಲೇ ರಕ್ತದಿಂದ ಇಳಿದುಹೋಗುತ್ತೆ, ಮಂಗಳವಾರದವರೆಗೆ ಇರಲ್ಲ. ನಾನು ಫಿಸಿಯೋಥೆರಪಿಸ್ಟ್, ಈ ನೋವು ತುಂಬಾ ನೋಡಿದ್ದೀನಿ. ಕಾರಣ ಹತ್ತಿದ್ದಲ್ಲ, ಇಳಿದದ್ದು.

ಸ್ನಾಯುವಿಗೆ ಎಳೆಯೋದು ಮಾತ್ರ ಗೊತ್ತು, ತಳ್ಳೋಕೆ ಬರಲ್ಲ. ಅದರ ಎಳೆಯೊಳಗೆ ಮಯೋಸಿನ್ ಅನ್ನೋ ಪ್ರೋಟೀನು ಪಕ್ಕದ ಆಕ್ಟಿನ್ ದಾರವನ್ನು ಹಿಡಿದು ಜಗ್ಗುತ್ತೆ, ಬಿಡುತ್ತೆ, ಮತ್ತೆ ಹಿಡಿಯುತ್ತೆ. ಬಾವಿಯ ಹಗ್ಗ ಎಳೆಯೋ ಕೈಗಳ ಹಾಗೆ. ಹತ್ತುವಾಗ ತೊಡೆಯ ಸ್ನಾಯು ಗಿಡ್ಡವಾಗಿ ಮಂಡಿ ನೆಟ್ಟಗಾಗುತ್ತೆ. ಇಳಿಯುವಾಗ ಅದೇ ಸ್ನಾಯು ಬ್ರೇಕು. ಮೈಭಾರ ಮಂಡಿಯನ್ನು ಬಗ್ಗಿಸ್ತಾ ಇರುತ್ತೆ, ಸ್ನಾಯು ಜಗ್ಗುತ್ತಲೇ ಉದ್ದವಾಗುತ್ತೆ. ಮೆಟ್ಟಿಲಲ್ಲಿ ನಿಧಾನ ಒಂದು ಕಾಲು ಕೆಳಗಿಡಿ, ಮೇಲಿರೋ ಕಾಲಿನ ತೊಡೆ ಮುಟ್ಟಿ ನೋಡಿ, ಗಟ್ಟಿಯಾಗಿರುತ್ತೆ. ಹೀಗೆ ಹಿಗ್ಗುವಾಗಲೇ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳೋದು. ನೋವು 24ರಿಂದ 72 ಗಂಟೆಯೊಳಗೆ ಜೋರಾಗಿ, ತಾನೇ ಇಳಿಯುತ್ತೆ. ಮೆಲ್ಲಗೆ ಓಡಾಡಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು:
ಮನೆ ಮೆಟ್ಟಿಲಲ್ಲಿ ಮುಟ್ಟಿ ನೋಡಿದೆ ಮೇಡಂ, ನಿಜ! ಮುಂದಿನ ವಾರ ಮತ್ತೆ ಹೋಗಬಹುದಾ?

ಉತ್ತರ 2:
ಧಾರಾಳವಾಗಿ ಹೋಗಿ. ಒಮ್ಮೆ ಪೆಟ್ಟು ತಿಂದ ಸ್ನಾಯು ಎರಡನೇ ಸಲ ಅಷ್ಟು ನೋಯಲ್ಲ.