ಅಪ್ಪನ ಹಳೇ ಹಾಲಿವುಡ್ ರೆಕಾರ್ಡುಗಳು: ಎಲ್ಲಿಂದ ಶುರು ಮಾಡಲಿ?

ಅಪ್ಪ ತೀರಿಕೊಂಡು ಒಂದು ವರ್ಷ ಆಯಿತು. ಮೈಸೂರಿನ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ಟ್ರಂಕು ಸಿಕ್ಕಿತು. ಒಳಗೆ ಹದಿನಾಲ್ಕು ಎಲ್‌ಪಿ ರೆಕಾರ್ಡು. ಎಲ್ಲವೂ ಹಳೇ ಹಾಲಿವುಡ್ ಮ್ಯೂಸಿಕಲ್‌ಗಳದ್ದೇ, ಅಂದರೆ ಹಾಡುಗಳಲ್ಲೇ ಕತೆ ಸಾಗುವ ಸಿನಿಮಾಗಳದ್ದು. ದಿ ಸೌಂಡ್ ಆಫ್ ಮ್ಯೂಸಿಕ್, ಮೈ ಫೇರ್ ಲೇಡಿ, ವೆಸ್ಟ್ ಸೈಡ್ ಸ್ಟೋರಿ, ಹೀಗೆ. ಭಾನುವಾರ ಬೆಳಿಗ್ಗೆ ಅಪ್ಪ ಇವನ್ನು ಹಾಕಿಕೊಂಡು ಶೇವ್ ಮಾಡಿಕೊಳ್ಳುತ್ತಿದ್ದರು. ಚಿಕ್ಕವಳಿದ್ದಾಗ ನಾನು ಗಮನ ಕೊಡಲಿಲ್ಲ. ಈಗ ಕೇಳಬೇಕು ಅನ್ನಿಸುತ್ತಿದೆ. ಆದರೆ ಇಂಗ್ಲಿಷ್ ಹಾಡಿನ ಮಾತು ನನಗೆ ಬೇಗ ತಿಳಿಯುವುದಿಲ್ಲ. ಮೊದಲು ಸಿನಿಮಾ ನೋಡಬೇಕಾ, ಹಾಡು ಕೇಳಬೇಕಾ? ಇಷ್ಟು ವರ್ಷ ಆದಮೇಲೂ ಜನ ಇವನ್ನು ಬಿಡದೆ ಕೇಳುವುದು ಯಾಕೆ? ಅನುಭವ ಇದ್ದವರು ಹೇಳಿ.

ಬೆಂಗಳೂರಿನಿಂದ:

ಮೊದಲು ಕವರ್ ಓದಿ ಅಕ್ಕಾ. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ರೆಕಾರ್ಡು ಇರುತ್ತವೆ. ‘ಒರಿಜಿನಲ್ ಕಾಸ್ಟ್’ ಅಂತ ಇದ್ದರೆ ಅದು ರಂಗದ ಮೇಲೆ ಆಡಿದವರ ಹಾಡು. ‘ಸೌಂಡ್‌ಟ್ರ್ಯಾಕ್’ ಅಂತ ಇದ್ದರೆ ಸಿನಿಮಾದ್ದು. ಇದು ಗೊತ್ತಿಲ್ಲದೆ ನಾನು ಎಷ್ಟೋ ವರ್ಷ ಒಬ್ಬರ ದನಿಯನ್ನು ಇನ್ನೊಬ್ಬರದ್ದು ಅಂದುಕೊಂಡಿದ್ದೆ.

ಮೈ ಫೇರ್ ಲೇಡಿಯನ್ನೇ ನೋಡಿ. 1956ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗದ ಮೇಲೆ ನಾಯಕಿಯಾಗಿ ಹಾಡಿದ್ದು ಜೂಲಿ ಆಂಡ್ರೂಸ್. 1964ರ ಸಿನಿಮಾದಲ್ಲಿ ಆ ಪಾತ್ರ ಆಡ್ರೆ ಹೆಪ್‌ಬರ್ನ್‌ಗೆ ಹೋಯಿತು. ಆದರೆ ಹಾಡುಗಳಲ್ಲಿ ಬಹುಪಾಲು ಕೇಳುವ ಕಂಠ ಹೆಪ್‌ಬರ್ನ್ ಅವರದ್ದಲ್ಲ, ಮಾರ್ನಿ ನಿಕ್ಸನ್ ಅವರದ್ದು. 1961ರ ವೆಸ್ಟ್ ಸೈಡ್ ಸ್ಟೋರಿಯಲ್ಲಿ ನಟಾಲಿ ವುಡ್‌ಗೂ ಹಾಡಿದ್ದು ಅವರೇ. ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದದ್ದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿತ್ತು. ಅಲ್ಲಿ ಹಾಗಲ್ಲ, ನಾಯಕಿಯೇ ಹಾಡಿದ್ದಾಳೆ ಅಂತ ಜನ ನಂಬಬೇಕಿತ್ತು. ನಿಕ್ಸನ್ ಹೆಸರನ್ನು ತೆರೆಯ ಮೇಲೆ ಹಾಕಲೇ ಇಲ್ಲ. ಇದು ನನಗೆ ಈಗಲೂ ಬೇಜಾರಿನ ವಿಷಯ. ಸೌಂಡ್ ಆಫ್ ಮ್ಯೂಸಿಕ್‌ನಲ್ಲಿ ಮಾತ್ರ ಸಿಸ್ಟರ್ ಸೋಫಿಯಾ ಆಗಿ ಅವರ ಮುಖವೂ ಕಾಣುತ್ತದೆ. ನೋಡುವಾಗ ಮರೆಯದೆ ಗಮನಿಸಿ.

ಇನ್ನೊಂದು. ಆ ಕಾಲದಲ್ಲಿ ಹಾಡು ಮೊದಲೇ ರೆಕಾರ್ಡ್ ಮಾಡಿಕೊಂಡು, ಶೂಟಿಂಗ್ ವೇಳೆ ತುಟಿ ಆಡಿಸುತ್ತಿದ್ದರು. ಮೈ ಫೇರ್ ಲೇಡಿಯ ನಾಯಕ ರೆಕ್ಸ್ ಹ್ಯಾರಿಸನ್ ಒಪ್ಪಲಿಲ್ಲ. ಒಂದು ಸಲ ಹೇಳಿದ ಹಾಗೆ ಇನ್ನೊಂದು ಸಲ ಹೇಳುವವರಲ್ಲ ಅವರು. ಕೊನೆಗೆ ಅವರ ಟೈ ಒಳಗೆ ವೈರ್‌ಲೆಸ್ ಮೈಕ್ ಬಚ್ಚಿಟ್ಟು ಸೆಟ್‌ನಲ್ಲೇ ರೆಕಾರ್ಡ್ ಮಾಡಿದರು. ಕಣ್ಣು ಮುಚ್ಚಿ ಕೇಳಿ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಅಂತ ಹೇಳಲಿಕ್ಕೇ ಆಗುವುದಿಲ್ಲ. ಪಾತ್ರಕ್ಕೆ ಇನ್ನು ಬರೀ ಮಾತು ಸಾಲದು ಅನ್ನುವ ಹೊತ್ತಿಗೆ ಸರಿಯಾಗಿ ಹಾಡು ಬರುತ್ತದೆ. ಇವು ಉಳಿದದ್ದು ಅದಕ್ಕೇ ಅಂತ ನನ್ನ ಅನಿಸಿಕೆ. ಆದ್ದರಿಂದ ನೀವು ಸಿನಿಮಾ ಮೊದಲು ನೋಡಿ.

ಸಿರ್ಸಿಯಿಂದ:

ಹಾಡಿನ ವಿಷಯ ಉಳಿದವರು ಹೇಳಲಿ. ಟ್ರಂಕಿನಿಂದ ತೆಗೆದ ರೆಕಾರ್ಡನ್ನು ಹಾಗೇ ಪ್ಲೇಯರ್‌ಗೆ ಹಾಕಬೇಡಿ. ನಮ್ಮ ಕಡೆ ಮಳೆಗಾಲ ಮುಗಿಯುವಷ್ಟರಲ್ಲಿ ಬೂಸಲು ಹಿಡಿದಿರುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ಸೋಪಿನ ನೀರು ಒಂದೇ ಹನಿ ಬಿಡಿ. ಮೆತ್ತನೆ ಬಟ್ಟೆಯಿಂದ, ಸೂಜಿ ಓಡುವ ಗೀರು ಹೋದ ದಿಕ್ಕಿನಲ್ಲೇ ಸುತ್ತ ಒರೆಸಿ. ನಡುವಿನ ಲೇಬಲ್ ಒದ್ದೆ ಆಗಬಾರದು. ಆಮೇಲೆ ಬರೀ ನೀರಲ್ಲಿ ಒರೆಸಿ, ನೆರಳಲ್ಲಿ ಆರಲು ಬಿಡಿ. ಸೂಜಿ ಹಳೆಯದಾಗಿದ್ದರೆ ಮೊದಲು ಅದನ್ನು ಬದಲಾಯಿಸಿ. ಸವೆದ ಸೂಜಿ ಒಂದೇ ಸಲಕ್ಕೆ ಗೀರು ಕೆರೆದುಬಿಡುತ್ತದೆ. ಇಡುವಾಗ ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ನಾನು ಒಂದರ ಮೇಲೊಂದು ಪೇರಿಸಿ, ಮೇಲೆ ಸೂಟ್‌ಕೇಸ್ ಇಟ್ಟು, ನಾಲ್ಕು ರೆಕಾರ್ಡು ಹಪ್ಪಳದ ಹಾಗೆ ಸೊಟ್ಟ ಮಾಡಿಕೊಂಡೆ. ಅವು ಮತ್ತೆ ಸರಿಯಾಗಲಿಲ್ಲ.

ಮಂಡ್ಯದಿಂದ, ಪಿಟೀಲು ಕಲಿಸುವವರು:

ಸಿನಿಮಾ ಮೊದಲು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಿವಿ ಮೊದಲು. ಸಾಹಿತ್ಯ ತಿಳಿಯದಿದ್ದರೂ ಪರವಾಗಿಲ್ಲಮ್ಮ, ಸ್ವರ ತಿಳಿಯುತ್ತದೆ.

ದಿ ವಿಝರ್ಡ್ ಆಫ್ ಆಝ್ 1939ರ ಸಿನಿಮಾ. ಅದರಲ್ಲಿ ಜೂಡಿ ಗಾರ್ಲೆಂಡ್ ಕಾಮನಬಿಲ್ಲಿನ ಆಚೆಯ ಊರಿನ ಬಗ್ಗೆ ಹಾಡುವ ಹಾಡೊಂದಿದೆ. ರಾಗ ಹಾಕಿದವರು ಹೆರಾಲ್ಡ್ ಆರ್ಲೆನ್. ಮೊದಲ ಪದದಲ್ಲೇ ಕೆಳಗಿನ ಷಡ್ಜದಿಂದ, ಅಂದರೆ ಸ ಸ್ವರದಿಂದ, ಮೇಲಿನ ಷಡ್ಜಕ್ಕೆ ಒಂದೇ ನೆಗೆತ. ಎರಡನೇ ಸಾಲಲ್ಲಿ ಮತ್ತೆ ಕೆಳಗಿನ ಷಡ್ಜದಿಂದ ಏಳುತ್ತಾಳೆ, ಈ ಸಲ ಧೈವತದವರೆಗೆ, ಅಂದರೆ ದ ಸ್ವರದವರೆಗೆ ಮಾತ್ರ. ಹೋಗಬೇಕೆಂಬ ಆಸೆ ದೊಡ್ಡದು, ಕೈಗೆ ಎಟುಕಿದ್ದು ಅದಕ್ಕಿಂತ ಕಡಿಮೆ. ಒಂದೂ ಪದ ತಿಳಿಯದೆ ನನಗೆ ಇಷ್ಟು ತಿಳಿಯಿತು. ಈ ಹಾಡಿನಿಂದ ಸಿನಿಮಾ ನಿಧಾನ ಆಗುತ್ತದೆ ಅಂತ ಸ್ಟುಡಿಯೊದಲ್ಲಿ ಕೆಲವರು ತೆಗೆದುಹಾಕಲು ಹೊರಟಿದ್ದರು. ಸದ್ಯ, ಉಳಿಯಿತು.

ನಿಮ್ಮ ಟ್ರಂಕಿನಲ್ಲಿರುವ ವೆಸ್ಟ್ ಸೈಡ್ ಸ್ಟೋರಿ ಹಾಕಿ. ಹುಡುಗ ತಾನು ಪ್ರೀತಿಸಿದ ಹುಡುಗಿಯ ಹೆಸರನ್ನೇ ಹಾಡುತ್ತಾನೆ. ಮೂರೇ ಸ್ವರ: ಷಡ್ಜ, ಪ್ರತಿ ಮಧ್ಯಮ (ಎರಡು ಬಗೆಯ ಮ ಸ್ವರಗಳಲ್ಲಿ ಮೇಲಿನದು), ಪಂಚಮ. ಆ ಮಧ್ಯಮದ ಮೇಲೆ ಕಿವಿ ನಿಲ್ಲುವುದಿಲ್ಲ, ತಳಮಳ ಆಗುತ್ತದೆ. ಪಂಚಮಕ್ಕೆ ಬಂದ ಕೂಡಲೇ ಉಸಿರು ಬಿಟ್ಟ ಹಾಗೆ. ಸಂಗೀತ ಹಾಕಿದ ಬರ್ನ್‌ಸ್ಟೈನ್ ಇದನ್ನು ಇಡೀ ಕೃತಿಯಲ್ಲಿ ಬೇರೆ ಬೇರೆ ಕಡೆ ಹೆಣೆದಿದ್ದಾರೆ. ಜಗಳ ಬಂದಾಗಲೂ ಅದೇ ಸ್ವರದ ಜೋಡಿ. ಆ ಸಿನಿಮಾದ ರೆಕಾರ್ಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 54 ವಾರ ಮೊದಲ ಸ್ಥಾನದಲ್ಲಿತ್ತು.

ಸರಳೆ ವರಸೆ ಅನ್ನುವ ಮೊದಲ ಪಾಠ ಅಂದರೆ ಅಳುವ ಮಕ್ಕಳಿಗೆ ನಾನು ಸೌಂಡ್ ಆಫ್ ಮ್ಯೂಸಿಕ್‌ನ ಡೊ ರೆ ಮಿ ಹಾಡು ಕೇಳಿಸುತ್ತೇನೆ. ಶಂಕರಾಭರಣ ರಾಗದ ಸ್ವರಸ್ಥಾನಗಳೇ ಅದರಲ್ಲೂ ಇವೆ. ಮೊದಲು ಸ್ವರದ ಹೆಸರು, ಆಮೇಲೆ ಸ್ವರ ಹಿಂದೆ ಮುಂದೆ ಮಾಡಿ ಜೋಡಿಸುವುದು, ಆಮೇಲೆ ಅದಕ್ಕೆ ಪದ. ಒಳ್ಳೆಯ ಮೇಷ್ಟ್ರು ಕಲಿಸುವ ಕ್ರಮವೇ ಅದು, ಅಲ್ವಾ?

ಲಂಡನ್‌ನಿಂದ:

ವಾದ್ಯಗಳ ಬಗ್ಗೆ ಯಾರೂ ಹೇಳಲಿಲ್ಲ. ಎಂಜಿಎಂ ಸ್ಟುಡಿಯೊದ ಮ್ಯೂಸಿಕಲ್‌ಗಳಿಗೆ ದೊಡ್ಡ ವಾದ್ಯವೃಂದ ಇತ್ತು. 1952ರ ಸಿಂಗಿನ್ ಇನ್ ದಿ ರೇನ್ ಅವರದ್ದೇ. ಆದರೆ ಆ ವಾದ್ಯಗಾರರ ಮುಂದಿದ್ದ ಸ್ವರಲಿಪಿಯ ಹಾಳೆಗಳನ್ನು ಮುಂದೆ ಸ್ಟುಡಿಯೊ ಕಸಕ್ಕೆ ಹಾಕಿತು. ವಾದ್ಯವೃಂದ ನಡೆಸುವ ಜಾನ್ ವಿಲ್ಸನ್ ಅನ್ನುವ ಇಂಗ್ಲಿಷರು ಸಿನಿಮಾದ ಧ್ವನಿ ಕೇಳಿ ಕೇಳಿ, ಒಂದೊಂದು ವಾದ್ಯದ ಸ್ವರವನ್ನೂ ಮತ್ತೆ ಬರೆದರು. 2009ರಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಅದನ್ನು ನುಡಿಸಿದಾಗ ನಾನು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಿಂತು ಕೇಳಿದೆ. ಪಕ್ಕದಲ್ಲಿದ್ದ ಅಜ್ಜಿ ಪ್ರತಿ ಹಾಡಿಗೂ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದರು. ನಿಮ್ಮ ಬಳಿ ಇರುವುದು ಅಂಥ ಸಂಗೀತ. ಜೋಪಾನವಾಗಿ ಇಟ್ಟುಕೊಳ್ಳಿ.

ಹುಬ್ಬಳ್ಳಿಯಿಂದ:

ಸೌಂಡ್ ಆಫ್ ಮ್ಯೂಸಿಕ್‌ನಲ್ಲಿ ಎಡಲ್‌ವೈಸ್ ಅನ್ನುವ ಪುಟ್ಟ ಹಾಡಿದೆ. ಅದು ಆಸ್ಟ್ರಿಯಾದ ಜನಪದ ಗೀತೆ ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. 1959ರ ನಾಟಕಕ್ಕೆ ಅಂತಲೇ ಮಾಡಿದ ಹಾಡು. ಬರೆದ ಹ್ಯಾಮರ್‌ಸ್ಟೈನ್ ಆಗ ಕ್ಯಾನ್ಸರ್‌ನಿಂದ ನರಳುತ್ತಿದ್ದರು. ಅವರು ಬರೆದ ಕೊನೆಯ ಹಾಡು ಅದೇ. ಮಾರನೇ ವರ್ಷ ಹೋಗಿಬಿಟ್ಟರು. ಪದಗಳು ತೀರಾ ಸರಳ, ನಿಮಗೂ ಸುಲಭವಾಗಿ ತಿಳಿಯುತ್ತವೆ. ನಮ್ಮ ತಾಯಿ ಹಾಸಿಗೆ ಹಿಡಿದಿದ್ದಾಗ ಬೇರೆ ಯಾವ ಹಾಡೂ ಬೇಡ ಅಂದರು, ಇದೊಂದನ್ನು ಬಿಟ್ಟು.

ಕೇಳಿದವಳು, ಮೂರು ವಾರದ ಮೇಲೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸಿರ್ಸಿಯವರು ಹೇಳಿದ ಹಾಗೆಯೇ ಒರೆಸಿದೆ, ಹೊಸ ಸೂಜಿ ಹಾಕಿಸಿದೆ. ಕವರ್ ಓದಿದೆ. ಅಪ್ಪನ ಮೈ ಫೇರ್ ಲೇಡಿ ಸಿನಿಮಾದ್ದಲ್ಲ, ನಾಟಕದ್ದು. ಅಂದರೆ ಆ ಭಾನುವಾರಗಳಲ್ಲಿ ನಮ್ಮ ಮನೆಯಲ್ಲಿ ಕೇಳುತ್ತಿದ್ದದ್ದು ಜೂಲಿ ಆಂಡ್ರೂಸ್ ದನಿ. ಕವರಿನ ಹಿಂಬದಿಯ ಮೂಲೆಯಲ್ಲಿ ಒಣಗಿದ ಶೇವಿಂಗ್ ಸೋಪಿನ ಹೆಬ್ಬೆಟ್ಟಿನ ಗುರುತು ಇದೆ. ಅದೊಂದನ್ನು ಒರೆಸಲಿಲ್ಲ.

ಒಂದು ಬದಿ ಮುಗಿದು ಸೂಜಿ ಕರಕರ ಅಂತ ಸುತ್ತುತ್ತಿತ್ತು. ಎಷ್ಟೋ ಹೊತ್ತು ಹಾಗೇ ಕುಳಿತಿದ್ದೆ. ಅದನ್ನು ತಿರುಗಿಸಿ ಹಾಕಲು ಅಪ್ಪ ಅರ್ಧ ಮುಖಕ್ಕೆ ನೊರೆ ಇಟ್ಟುಕೊಂಡೇ ಬರುತ್ತಿದ್ದರು. ಆಮೇಲೆ ನಾನೇ ಎದ್ದು ತಿರುಗಿಸಿದೆ. ಎರಡನೇ ಬದಿಯಲ್ಲಿ ಒಂದು ಕಡೆ ಸೂಜಿ ಜಾರುತ್ತಿದೆ. ಅದಕ್ಕೇನಾದರೂ ಉಪಾಯ ಇದ್ದರೆ ಹೇಳಿ. ಈ ಭಾನುವಾರ ವೆಸ್ಟ್ ಸೈಡ್ ಸ್ಟೋರಿ ಹಾಕುತ್ತೇನೆ. ಆ ಪ್ರತಿ ಮಧ್ಯಮ ನನಗೂ ಸಿಗುತ್ತದಾ ನೋಡಬೇಕು.