ನಾಣ್ಯದ ಜಾದೂಗೆ ಹೊತ್ತೊಯ್ಯುವ ಮೇಜು: ಮೂರು ಕಾಲೋ, ನಾಲ್ಕು ಕಾಲೋ?

ಬೆಳ್ಳಿಬಿಲ್ಲೆ
ನಾಣ್ಯದ ಜಾದೂಗೆ ಮಡಚಿ ಹೊತ್ತೊಯ್ಯುವಂಥ ಒಂದು ಮೇಜು ಬೇಕು. ನಾನು ನಿಂತೇ ಮಾಡುತ್ತೇನೆ, ಎದುರಿಗೆ ಹದಿನೈದು ಇಪ್ಪತ್ತು ಜನ ಇರುತ್ತಾರೆ. ಮೊದಲು ಮ್ಯಾಟ್ರಿಕ್ಸ್: ನಾಲ್ಕು ಮೂಲೆಯಲ್ಲಿಟ್ಟ ನಾಣ್ಯಗಳು ಒಂದೊಂದಾಗಿ ಒಂದೇ ಇಸ್ಪೀಟು ಎಲೆಯ ಕೆಳಗೆ ಸೇರುವ ಆಟ. ಆಮೇಲೆ ಒಂದು ಕೈಯಿಂದ ಇನ್ನೊಂದು ಕೈಗೆ ನಾಣ್ಯ ದಾಟಿಸುವುದು. ಕೊನೆಗೆ ಜಾದೂಗಾರ ಜಾನ್ ರಾಮ್ಸೆ ಅವರ ಸಿಲಿಂಡರ್ ಆಟ: ಕೈಯಲ್ಲಿದ್ದ ನಾಣ್ಯಗಳು ಮಾಯವಾಗಿ ಚರ್ಮದ ಕೊಳವೆಯ ಕೆಳಗೆ ಬಂದು ಸೇರುವುದು. ಬಳಸುವುದು ಅಮೆರಿಕದ ಹಾಫ್ ಡಾಲರ್ ನಾಣ್ಯ.

ನನ್ನ ಯೋಚನೆ ಹೀಗಿದೆ. ಗಟ್ಟಿಯಾದ ಕ್ಯಾಮೆರಾ ಟ್ರೈಪಾಡ್ ಮೇಲೆ 60 ಸೆಂ.ಮೀ. ಅಗಲ, 40 ಸೆಂ.ಮೀ. ಆಳದ ಪ್ಲೈವುಡ್ ಹಲಗೆ. ಅದರ ಮೇಲೆ ಕ್ಲೋಸಪ್ ಪ್ಯಾಡ್, ಅಂದರೆ ನಾಣ್ಯ ಇಡುವ ಮೆತ್ತನೆಯ ಹಾಸು. ಇದು ಸಾಕಾ, ಅಥವಾ ನಾಲ್ಕು ಕಾಲಿನ ಮಡಚುವ ಮೇಜೇ ವಾಸಿಯಾ?

ಮರದಹುಡಿ
ಹಲಗೆ ಸರಿ, ಟ್ರೈಪಾಡ್ ಬೇಡ. ಕ್ಯಾಮೆರಾ ಟ್ರೈಪಾಡ್‌ನ ತಲೆಯಲ್ಲಿರುವುದು 1/4 ಇಂಚಿನ ಒಂದೇ ತಿರುಪು. ಹಲಗೆಯ ಒಂದು ತುದಿಗೆ ಕೈ ತಾಗಿದರೂ ಆ ತಿರುಪಿನ ಸುತ್ತ ಇಡೀ ಹಲಗೆ ತಿರುಗುತ್ತದೆ. ಎರಡು ಆಟ ಮುಗಿಯುವಷ್ಟರಲ್ಲಿ ಸಡಿಲ ಆಗಿರುತ್ತದೆ. ನಡುವಿನ ಕಂಬವನ್ನು ಮೇಲೆತ್ತಿದರಂತೂ ಅಲುಗಾಟ ಇನ್ನೂ ಜಾಸ್ತಿ. ಮ್ಯಾಟ್ರಿಕ್ಸ್‌ನಲ್ಲಿ ಎಲೆಯ ಕೆಳಗೆ ನಾಣ್ಯ ಸರಿಸುವಾಗ ಹಲಗೆ ಒಂದು ಕೂದಲಷ್ಟು ಕುಣಿದರೂ ನೋಡುವವರ ಕಣ್ಣು ಸೀದಾ ಅಲ್ಲಿಗೇ ಬೀಳುತ್ತದೆ.

ನಾಲ್ಕು ಮರದ ಕಾಲು ಮಾಡಿಸಿ. ಒಂದು ಕಾಲಿನ ಬುಡಕ್ಕೆ ಮಾತ್ರ ತಿರುಪಿನ ಪಾದ ಹಾಕಿ. ನೆಲ ಸಮ ಇಲ್ಲದಿದ್ದರೆ ಅದೊಂದನ್ನು ತಿರುಗಿಸಿದರೆ ಮುಗಿಯಿತು.

ಬರಿಗೈ
ಮೇಜು ಯಾಕೆ ಬೇಕು ಅಂತ ಮೊದಲು ಕೇಳಿಕೊಳ್ಳಿ. ಇಪ್ಪತ್ತು ಜನ ನಿಂತಿದ್ದರೆ ಹಲಗೆಯ ಮೇಲೆ ಮಲಗಿದ ನಾಣ್ಯ ಮೊದಲ ಸಾಲಿಗೆ ಮಾತ್ರ ಕಾಣುತ್ತದೆ. ಹಾಫ್ ಡಾಲರ್ ಅಂದರೆ 30.6 ಮಿ.ಮೀ. ಅಗಲ. ಹಿಂದಿನವರಿಗೆ ಕಾಣುವುದು ಮುಂದಿನವರ ಹೆಗಲು. ಎದೆಯ ಎತ್ತರದಲ್ಲಿ ಕೈಯಲ್ಲೇ ಮಾಡಿದರೆ ಎಲ್ಲರಿಗೂ ಕಾಣುತ್ತದೆ, ಹೊರುವ ಸಾಮಾನೂ ಇಲ್ಲ. ದೊಡ್ಡ ನಾಣ್ಯ ಬೇಕಾದರೆ ಮೋರ್ಗನ್ ಡಾಲರ್ ಇದೆ, 38.1 ಮಿ.ಮೀ.

ಟಿ. ನೆಲ್ಸನ್ ಡೌನ್ಸ್ ‘ನಾಣ್ಯಗಳ ರಾಜ’ ಅಂತ ಹೆಸರು ಮಾಡಿದ್ದು ವೇದಿಕೆಯ ಮೇಲೆ ಗಾಳಿಯಿಂದ ನಾಣ್ಯ ಹಿಡಿದು. ಪ್ಯಾಡ್ ಮೇಲೆ ನಾಣ್ಯ ಜೋಡಿಸಿ ಅಲ್ಲ.

ಬೆಳ್ಳಿಬಿಲ್ಲೆ
@ಬರಿಗೈ ನಡುವಿನ ಆಟವನ್ನು ನಾನೂ ಎದೆಯ ಎತ್ತರದಲ್ಲೇ ಮಾಡುತ್ತೇನೆ. ಆದರೆ ಸಿಲಿಂಡರ್ ಆಟಕ್ಕೆ ನೆಲೆ ಬೇಕೇ ಬೇಕು. ನಾಣ್ಯದ ಅಡುಕು, ಬಿರಡೆ, ಚರ್ಮದ ಕೊಳವೆ, ಕೋಲು, ಇವನ್ನೆಲ್ಲ ಎಲ್ಲಿಡಲಿ? ಮೇಜು ಬೇಡ ಅನ್ನುವುದಾದರೆ ಆ ಆಟವೇ ಬೇಡ ಅಂದಂತಾಯಿತು. ಅದನ್ನು ಬಿಡಲು ನನಗೆ ಮನಸ್ಸಿಲ್ಲ.

ಮೂರುಪಾದ
ಮರದಹುಡಿ ಟ್ರೈಪಾಡ್‌ಗೆ ಅನ್ಯಾಯ ಮಾಡುತ್ತಿದ್ದಾರೆ. ಮೂರು ಕಾಲಿನ ವಸ್ತು ಎಂಥ ನೆಲದಲ್ಲೂ ಕುಂಟುವುದಿಲ್ಲ. ನಾಲ್ಕು ಕಾಲಿನದು ಕುಂಟುತ್ತದೆ. ತಿರುಪಿನ ಪಾದ ಇದ್ದರೂ ಜನ ಕಾಯುತ್ತಿರುವಾಗ ಬಗ್ಗಿ ಅದನ್ನು ತಿರುಗಿಸುತ್ತಾ ಕೂರಬೇಕು.

ಹಲಗೆ ತಿರುಗುವ ಸಮಸ್ಯೆ ನಿಜ. ಅದಕ್ಕೆ ಕ್ಯಾಮೆರಾದ ತಲೆಯನ್ನೇ ಬಿಚ್ಚಿಬಿಡಿ. ದೊಡ್ಡ ಟ್ರೈಪಾಡ್‌ಗಳಲ್ಲಿ ಅದರ ಕೆಳಗೆ 3/8 ಇಂಚಿನ ತಿರುಪು ಇರುತ್ತದೆ. ಹಲಗೆಯ ಅಡಿಗೆ ಅಗಲವಾದ ಲೋಹದ ಬಿಲ್ಲೆ ಕೂರಿಸಿ ಅದಕ್ಕೆ ಬಿಗಿಯಿರಿ, ನಡುವೆ ತೆಳು ರಬ್ಬರ್ ಇರಲಿ. ಇನ್ನೂ ಗಟ್ಟಿ ಬೇಕಾದರೆ ಸ್ಪೀಕರ್ ಸ್ಟ್ಯಾಂಡ್ ತೆಗೆದುಕೊಳ್ಳಿ. ಅದರ ಕಂಬ ಸಾಮಾನ್ಯವಾಗಿ 35 ಮಿ.ಮೀ. ದಪ್ಪ, ಅದಕ್ಕೆ ಸರಿಹೊಂದುವ ಟೋಪಿಯಂಥ ಸಾಕೆಟ್ ಸಿಗುತ್ತದೆ. ಹಲಗೆಗೆ ಸಾಕೆಟ್ ಜೋಡಿಸಿ ಕಂಬದ ಮೇಲೆ ಇಳಿಬಿಟ್ಟರೆ ಆಯಿತು, ಬಿಚ್ಚುವುದೂ ಅಷ್ಟೇ ಸುಲಭ. ಭಾರ ಮಾತ್ರ ಹೆಚ್ಚು.

ಮರದಹುಡಿ
ಕುಂಟುವುದಿಲ್ಲ, ಒಪ್ಪಿದೆ. ಆದರೆ ಮಗುಚುತ್ತದೆ! ಕುಂಟುವ ಮೇಜನ್ನು ಸರಿ ಮಾಡಬಹುದು. ಮಗುಚಿದರೆ ಎಲ್ಲ ನೆಲದ ಪಾಲು. ಮುಂದೆ ನಿಂತವರು ಕುತೂಹಲದಿಂದ ಮೇಜಿಗೆ ಕೈಯೂರುತ್ತಾರೆ, ಅದನ್ನು ತಡೆಯಲು ಆಗುವುದಿಲ್ಲ.

ಮೂರುಪಾದ
ಇದನ್ನು ಲೆಕ್ಕ ಹಾಕಿಯೇ ನೋಡೋಣ. ಮೂರು ಕಾಲಿನ ತುದಿಗಳು ನಡುವಿನಿಂದ 35 ಸೆಂ.ಮೀ. ದೂರದಲ್ಲಿವೆ ಅನ್ನಿ. ಎರಡು ಕಾಲುಗಳನ್ನು ಸೇರಿಸುವ ಗೆರೆ ನಡುವಿನಿಂದ ಅದರ ಅರ್ಧ ದೂರದಲ್ಲಿರುತ್ತದೆ, ಅಂದರೆ 17.5 ಸೆಂ.ಮೀ. ಆ ಗೆರೆಯ ಆಚೆ ಒತ್ತಿದರೆ ಮಾತ್ರ ಮೇಜು ಮಗುಚಲು ಹೊರಡುತ್ತದೆ. (ಚೌಕ ಜೋಡಣೆಯ ನಾಲ್ಕು ಕಾಲಾದರೆ ಈ ದೂರ ಸುಮಾರು 25 ಸೆಂ.ಮೀ. ಮರದಹುಡಿ ಹೇಳುವುದರಲ್ಲಿ ಸತ್ಯ ಇರುವುದು ಇಲ್ಲೇ.)

ಈಗ ಮೇಜಿನ ಒಟ್ಟು ಭಾರ 4 ಕೆ.ಜಿ. ಇರಲಿ, ಹಲಗೆ 60 × 40. ತುಂಬಾ ಜನ ಒಂದು ಕಾಲನ್ನು ಜನರ ಕಡೆಗೆ ಚಾಚುತ್ತಾರೆ, ಅದೇ ಭದ್ರ ಅಂದುಕೊಂಡು. ಹಾಗೆ ಇಟ್ಟರೆ ಜನರ ಕಡೆಯ ಎರಡು ಮೂಲೆಗಳು ಗೆರೆಯಿಂದ 18.5 ಸೆಂ.ಮೀ. ಹೊರಗೆ ಬರುತ್ತವೆ. ಅಲ್ಲಿ ಬರೀ 3.8 ಕೆ.ಜಿ. ಒತ್ತಡ ಬಿದ್ದರೆ ಸಾಕು, ಮೇಜು ಏಳುತ್ತದೆ. ಒಬ್ಬರು ಮೊಣಕೈ ಊರಿದರೆ ಅದಕ್ಕಿಂತ ಜಾಸ್ತಿ ಆಗುತ್ತದೆ.

ತಿರುಗಿಸಿ ಇಡಿ. ಎರಡು ಕಾಲು ಜನರ ಕಡೆ, ಒಂದು ಕಾಲು ನಿಮ್ಮ ಕಡೆ. ಈಗ ಜನರ ಕಡೆಯ ಅಂಚು ಗೆರೆಯಿಂದ ಬರೀ 2.5 ಸೆಂ.ಮೀ. ಹೊರಗಿದೆ. ಅಂಚಿನ ನಡುವೆ ಒತ್ತಿದರೂ ಮೂಲೆಯಲ್ಲಿ ಒತ್ತಿದರೂ ಮಗುಚಲು 28 ಕೆ.ಜಿ. ಬೇಕು. ದುರ್ಬಲ ಮೂಲೆಗಳು ನಿಮ್ಮ ಕಡೆ ಬಂದವು. ಅಲ್ಲಿ ಒತ್ತುವವರು ನೀವೊಬ್ಬರೇ ಅಲ್ವಾ.

ಬೆಳ್ಳಿಬಿಲ್ಲೆ
ಇದು ನನಗೆ ಹೊಳೆದೇ ಇರಲಿಲ್ಲ. ಕಂಬಕ್ಕೆ ಚೀಲ ನೇತುಹಾಕಿದರೆ ಇನ್ನೂ ಗಟ್ಟಿ ಆಗುತ್ತದಾ?

ಮೂರುಪಾದ
ಖಂಡಿತ. 3 ಕೆ.ಜಿ. ಚೀಲ ನೇತುಹಾಕಿದರೆ ಒಟ್ಟು 7 ಕೆ.ಜಿ. ಆಗುತ್ತದೆ, ದುರ್ಬಲ ಮೂಲೆ 3.8ರಿಂದ 6.6 ಕೆ.ಜಿ.ಗೆ ಏರುತ್ತದೆ. ಹೇಗೂ ಸಾಮಾನಿನ ಚೀಲ ಇದ್ದೇ ಇರುತ್ತದೆ. ಅದು ತೂಗಾಡದ ಹಾಗೆ ಕಂಬಕ್ಕೆ ಒತ್ತಿ ಕಟ್ಟಿ. ಮೂಲೆಗಳನ್ನು ಕತ್ತರಿಸುವುದೂ ಒಳ್ಳೆಯದು. 50 ಸೆಂ.ಮೀ. ಅಡ್ಡಳತೆಯ ದುಂಡು ಹಲಗೆಯಾದರೆ, ಅದೇ 4 ಕೆ.ಜಿ. ಭಾರಕ್ಕೆ, ಯಾವ ದಿಕ್ಕಿನಲ್ಲೂ 9 ಕೆ.ಜಿ.ವರೆಗೆ ತಡೆಯುತ್ತದೆ.

ಮರದಹುಡಿ
ಲೆಕ್ಕ ಚೆನ್ನಾಗಿದೆ. ಆದರೆ ನಿಮ್ಮ ಕಡೆ ಚಾಚಿದ ಆ ಒಂದು ಕಾಲು ಎಲ್ಲಿಗೆ ಬರುತ್ತದೆ ನೋಡಿ. ಸರಿಯಾಗಿ ನಿಮ್ಮ ಎರಡು ಪಾದಗಳ ನಡುವೆ. ನಾಣ್ಯದ ಜಾದೂಗಾರ ನಿಂತಲ್ಲೇ ನಿಲ್ಲುವುದಿಲ್ಲ. ಗಮನ ಬೇರೆಡೆ ಸೆಳೆಯಲು ಅರ್ಧ ಹೆಜ್ಜೆ ತಿರುಗುತ್ತಾನೆ, ಹಿಂದೆ ಸರಿಯುತ್ತಾನೆ. ಕಾಲಿಗೆ ಕಾಲು ತಾಗಿದರೆ? ನಿಮ್ಮ ಲೆಕ್ಕದಲ್ಲಿ ಅದು ಇಲ್ಲ.

ಎಡಗೈ
ಕಾಲಿನ ಜಗಳ ಸ್ವಲ್ಪ ಪಕ್ಕಕ್ಕಿಡಿ. ಹಲಗೆಯ ಮೇಲಿನ ಹೊದಿಕೆಯ ಬಗ್ಗೆ ಯಾರೂ ಮಾತಾಡಿಲ್ಲ. ನನಗೆ ಅದೇ ದೊಡ್ಡ ವಿಷಯ.

ನಾಣ್ಯದ ಆಟದಲ್ಲಿ ಅರ್ಧ ಕೆಲಸ ಮಾಡುವುದು ಸದ್ದು. ಕೈಯಿಂದ ಕೈಗೆ ದಾಟುವಾಗ ಬರುವ ‘ಟಣ್’ ನಮಗೆ ಬೇಕು. ಎಲೆಯ ಹಿಂದೆ ನಾಣ್ಯ ಎತ್ತಿಕೊಳ್ಳುವಾಗ ಬರುವ ಸಣ್ಣ ‘ಟಿಕ್’ ಬೇಡವೇ ಬೇಡ. ತೆಳು ಪ್ಲೈವುಡ್ ತಮಟೆಯ ಹಾಗೆ, ಸಣ್ಣ ಸದ್ದನ್ನೂ ದೊಡ್ಡದು ಮಾಡುತ್ತದೆ. ಮೇಲೆ ಪ್ಯಾಡ್ ಹಾಕಿದರೆ ಸಾಲದು, ಹಲಗೆಯ ಅಡಿಗೂ ಒಂದು ಪದರ ಫೋಮ್ ಅಂಟಿಸಿ. ವ್ಯತ್ಯಾಸ ಕೇಳಿದರೆ ನಿಮಗೇ ಗೊತ್ತಾಗುತ್ತದೆ.

ಪ್ಯಾಡ್ ಅಂದರೆ ಕೆಳಗೆ ನಿಯೊಪ್ರೀನ್ ರಬ್ಬರ್, ಮೇಲೆ ಸಣ್ಣ ರೋಮದ ಬಟ್ಟೆ. 3 ಮಿ.ಮೀ. ದಪ್ಪದ್ದು ನನಗೆ ಇಷ್ಟ. ಅಂಚನ್ನು ಬೆರಳಿಂದ ಒತ್ತಿದರೆ ನಾಣ್ಯ ತಾನಾಗಿ ಇನ್ನೊಂದು ಬದಿಯಲ್ಲಿ ಮೇಲೇಳುತ್ತದೆ, ಹಿಡಿಯಲು ಸಲೀಸು. ತುಂಬಾ ಮೆತ್ತಗಿದ್ದರೆ ಸಿಲಿಂಡರ್ ಆಟದ ನಾಣ್ಯದ ಅಡುಕು ವಾಲುತ್ತದೆ. ರೋಮ ಉದ್ದ ಇದ್ದರೆ ಸರಿಸಿದ ಜಾಡು ಗೆರೆಯಾಗಿ ಉಳಿಯುತ್ತದೆ, ನಾಣ್ಯ ಯಾವ ದಾರಿಯಲ್ಲಿ ಹೋಯಿತು ಅಂತ ಅದೇ ಹೇಳಿಬಿಡುತ್ತದೆ. ಮೇಜಿನ ಮೂಲಕ ನಾಣ್ಯ ತೂರಿಸುವ ಆಟವಿದ್ದರೆ ಪ್ಯಾಡನ್ನು ಅಂಟಿಸಬೇಡಿ. ಅಲ್ಲಿ ಗಟ್ಟಿ ಹಲಗೆಗೆ ನಾಣ್ಯ ಬಡಿಯುವ ಸದ್ದೇ ಸಾಕ್ಷಿ.

ಬಣ್ಣ ಕಡು ನೀಲಿ ಅಥವಾ ಕಡು ಕೆಂಪು. ಬೆಳ್ಳಿಯೂ ತಾಮ್ರವೂ ಎರಡೂ ಎದ್ದು ಕಾಣುತ್ತವೆ.

ಬೆಳ್ಳಿಬಿಲ್ಲೆ
ಕಪ್ಪು ಬೇಡವಾ? ಕಪ್ಪು ಮಖಮಲ್ಲಾದರೆ ಬ್ಲ್ಯಾಕ್ ಆರ್ಟ್ ಗುಂಡಿಯನ್ನೂ ಮಾಡಿಕೊಳ್ಳಬಹುದು ಅಂತ ಆಸೆ ಇದೆ. ಹಲಗೆಯಲ್ಲೇ ತೂತು, ಒಳಗೂ ಹೊರಗೂ ಒಂದೇ ಕಪ್ಪು, ಕಣ್ಣಿಗೆ ಬೀಳದ ಹಾಗೆ.

ಎಡಗೈ
ನಿಮಗೆ ಬೇಡ. ಜಾದೂಗಾರ ಮ್ಯಾಕ್ಸ್ ಔಟ್ಸಿಂಗರ್ 1885ರಲ್ಲಿ ಬರ್ಲಿನ್‌ನಲ್ಲಿ ಕಪ್ಪಿನ ಮೇಲೆ ಕಪ್ಪು ಅಡಗಿಸುವುದನ್ನು ತೋರಿಸಿದ್ದು ವೇದಿಕೆಯಲ್ಲಿ, ದೂರ ಕೂತ ಜನರಿಗೆ. ಮೇಜಿನ ಗುಂಡಿಯೂ ಅದೇ ತತ್ವ. ಅದು ನಡೆಯಬೇಕಾದರೆ ನೋಡುವವರ ಕಣ್ಣು ಹಲಗೆಯ ಮಟ್ಟಕ್ಕೆ ಹತ್ತಿರ ಇರಬೇಕು ಅಥವಾ ಅವರು ದೂರ ಇರಬೇಕು. ಎರಡಡಿ ದೂರದಲ್ಲಿ ನಿಂತು ಮೇಲಿನಿಂದ ಬಗ್ಗಿ ನೋಡುವವರಿಗೆ ಗುಂಡಿ ಗುಂಡಿಯಾಗಿಯೇ ಕಾಣುತ್ತದೆ. ಮೇಜಿಗೆ ಹಿಂದಿನ ಅಂಚಿನ ಕೆಳಗೆ ಒಂದು ಸರ್ವಾಂಟ್ ಸಾಕು. ಬಟ್ಟೆಯ ಸಣ್ಣ ಜೋಳಿಗೆ, ನಾಣ್ಯ ಸದ್ದಿಲ್ಲದೆ ಬೀಳುವಂಥದ್ದು.

ಬರಿಗೈ
ಇಲ್ಲೇ ನನ್ನ ತಕರಾರು. ಮೇಜು ಬಂದ ತಕ್ಷಣ ಜೋಳಿಗೆ ಬಂತು, ಗುಂಡಿಯ ಆಸೆ ಬಂತು. ಫ್ರೆಂಚ್ ಜಾದೂಗಾರ ರೋಬೆರ್-ಊದಾಂ 1845ರಲ್ಲಿ ಪ್ಯಾರಿಸ್‌ನಲ್ಲಿ ತಮ್ಮ ರಂಗಮಂದಿರ ತೆರೆದಾಗ ನೆಲದವರೆಗೆ ಬಟ್ಟೆ ಇಳಿಬಿಟ್ಟ ದೊಡ್ಡ ಮೇಜುಗಳನ್ನು ದೂರ ಇಟ್ಟರು. ಅಂಥ ಮೇಜು ಕಂಡರೆ ಜನರಿಗೆ ಒಳಗೆ ಏನೋ ಇದೆ ಅನಿಸುತ್ತಿತ್ತು. ಮಡಚುವ ಮೇಜನ್ನು ನೀವೇ ಹೊತ್ತು ತಂದರೂ ಜನರಿಗೆ ಅದೇ ಅನುಮಾನ. ಅಲ್ಲಿರುವ ಯಾವುದೋ ಮೇಜಿನ ಮೇಲೆ ಪ್ಯಾಡ್ ಹಾಸಿ ಮಾಡಿದರೆ ಆ ಅನುಮಾನಕ್ಕೆ ಜಾಗವೇ ಇಲ್ಲ.

ಎಡಗೈ
ಅಲ್ಲಿರುವ ಮೇಜು ಸಾಮಾನ್ಯವಾಗಿ 75 ಸೆಂ.ಮೀ. ಎತ್ತರ. ಕೂತವರಿಗೆ ಮಾಡಿದ್ದು. ಕೂತು ಮಾಡುವುದಾದರೆ ಸರಿ, ಜಾದೂಗಾರ ಸ್ಲೈಡಿನಿ ತೊಡೆಯ ಮೇಲೆ ನಾಣ್ಯ ಬೀಳಿಸುವ ಲ್ಯಾಪಿಂಗನ್ನು ಒಂದು ಕಲೆಯಾಗಿಯೇ ಬೆಳೆಸಿದವರು. ಆದರೆ ನಿಂತವನು ಅಂಥ ಮೇಜಿಗೆ ಬಗ್ಗಿದರೆ ಮುಖ ಕೆಳಗೆ ಹೋಗುತ್ತದೆ. ಮುಖ ಕಾಣದಿದ್ದರೆ ಜನರು ನೋಡುವುದು ಕೈಯನ್ನೇ. ನಿಂತು ಮಾಡುವವರ ಮೇಜು ಮೊಣಕೈಗಿಂತ ಸ್ವಲ್ಪ ಕೆಳಗೆ ಇರಬೇಕು, ಹೆಚ್ಚಿನವರಿಗೆ 90ರಿಂದ 100 ಸೆಂ.ಮೀ. ಒಳಗೆ ಬರುತ್ತದೆ. ಸ್ವಂತ ಮೇಜು ಬೇಕು ಅನ್ನಲು ನನಗೆ ಈ ಒಂದು ಕಾರಣ ಸಾಕು. ಅನುಮಾನ ಬಾರದಿರಲಿ ಅಂದರೆ ಹಲಗೆ ತೆಳ್ಳಗಿರಲಿ, ಕೆಳಗೆ ಬಟ್ಟೆ ಇಳಿಬಿಡಬೇಡಿ.

ಮರದಹುಡಿ
ಹಲಗೆಯ ಬಗ್ಗೆ ನಾನೂ ಹೇಳುತ್ತೇನೆ. 60 × 40 ಅಳತೆಯ 9 ಮಿ.ಮೀ. ಪ್ಲೈವುಡ್ ಸುಮಾರು 1.3 ಕೆ.ಜಿ. ಬರುತ್ತದೆ. 12 ಮಿ.ಮೀ. ಆದರೆ 1.7. ಸಾಕೆಟ್‌ನ ತಿರುಪು ಹಿಡಿಯಬೇಕಾದರೆ 12 ಹಾಕಿ, 400 ಗ್ರಾಂ ಉಳಿಸಿ ಏನೂ ಸಿಗುವುದಿಲ್ಲ. ಉಕ್ಕಿನ ತಗಡು ಮಾತ್ರ ಬೇಡ. ಅಯಸ್ಕಾಂತ ಇಟ್ಟ ಶೆಲ್ (ಟೊಳ್ಳು) ನಾಣ್ಯ ಬಳಸುವ ದಿನ ಅದು ಹಲಗೆಗೇ ಕಚ್ಚಿಕೊಳ್ಳುತ್ತದೆ.

ಮೂರು ಬದಿಗೆ ಒಂದು ಸಣ್ಣ ಅಂಚುಪಟ್ಟಿ ಹೊಡೆಯಿರಿ, ಪ್ಯಾಡಿಗಿಂತ 3 ಮಿ.ಮೀ. ಎತ್ತರ. ಉರುಳಿದ ನಾಣ್ಯ ಅಲ್ಲೇ ನಿಲ್ಲುತ್ತದೆ. ನಿಮ್ಮ ಬದಿಗೆ ಪಟ್ಟಿ ಬೇಡ, ಅಲ್ಲಿ ಪ್ಯಾಡ್ ಅಂಚಿನವರೆಗೂ ಬರಲಿ. ನಾಣ್ಯವನ್ನು ಕೈಗೆ ಗುಡಿಸಿಕೊಳ್ಳುವಾಗ ಅಡ್ಡ ಬರಬಾರದು.

ಬೆಳ್ಳಿಬಿಲ್ಲೆ
ಹಿಂದಿನವರಿಗೂ ಕಾಣಲಿ ಅಂತ ನನ್ನ ಬದಿಯ ಅಂಚನ್ನು ನಾಲ್ಕು ಸೆಂ.ಮೀ. ಎತ್ತಿ, ಹಲಗೆಯನ್ನು ಜನರ ಕಡೆ ಓರೆ ಮಾಡಿದರೆ?

ಎಡಗೈ
ಮ್ಯಾಟ್ರಿಕ್ಸ್‌ಗೆ ನಡೆಯುತ್ತದೆ, ರೋಮದ ಮೇಲೆ ನಾಣ್ಯ ಜಾರುವುದಿಲ್ಲ. ಸಿಲಿಂಡರ್ ಆಟಕ್ಕೆ ನಡೆಯುವುದಿಲ್ಲ. ಬಿರಡೆ ಉರುಳುತ್ತದೆ, ಅಡುಕು ಓರೆಯಾಗುತ್ತದೆ. ಎರಡಕ್ಕೂ ಒಂದೇ ಮೇಜು ಅಂದರೆ ಸಮತಟ್ಟೇ ಇರಲಿ. ಜನರನ್ನು ಅರ್ಧ ಚಂದ್ರಾಕಾರದಲ್ಲಿ ಎರಡೇ ಸಾಲು ನಿಲ್ಲಿಸಿ, ಮುಂದಿನ ಸಾಲಿನವರನ್ನು ಕೂರಿಸಿ.

ಬೆಳ್ಳಿಬಿಲ್ಲೆ
ಸರಿ, ಹೀಗೆ ಮಾಡುತ್ತೇನೆ. ಸ್ಪೀಕರ್ ಸ್ಟ್ಯಾಂಡ್, 12 ಮಿ.ಮೀ. ಹಲಗೆ, ಜನರ ಕಡೆಯ ಮೂಲೆ ಹಾಗೇ ಇರಲಿ, ನನ್ನ ಕಡೆಯ ಮೂಲೆಗಳನ್ನು ಮಾತ್ರ ಕತ್ತರಿಸುತ್ತೇನೆ. ಅಡಿಗೆ ಫೋಮ್. ಎತ್ತರ 95. ಪ್ಯಾಡ್ ಅಂಟಿಸುವುದಿಲ್ಲ.

ಮರದಹುಡಿ
ಕಾಲು ತಾಗುವ ವಿಷಯ ಇನ್ನೂ ಹಾಗೇ ಉಳಿದಿದೆ. ಸ್ಪೀಕರ್ ಸ್ಟ್ಯಾಂಡ್‌ನ ಕಾಲು ಇನ್ನೂ ಉದ್ದ.

ಮೂರುಪಾದ
ಪೂರ್ತಿ ಚಾಚಬೇಡಿ. ಹಲಗೆಯ ಅಂಚಿನ ನೇರಕ್ಕಿಂತ ಸ್ವಲ್ಪ ಹೊರಗೆ ಬರುವಷ್ಟು ಚಾಚಿ ಬಿಗಿ ಮಾಡಿ, ಚೀಲ ಕಟ್ಟಿ. ಆ ಕಾಲನ್ನು ನಡುವೆ ಬಿಟ್ಟು ಅದರ ಎಡಕ್ಕೆ ನಿಂತು ಅಭ್ಯಾಸ ಮಾಡಿ.

ಮರದಹುಡಿ
ಎಡಕ್ಕೆ ನಿಂತರೆ ಬಲಗಡೆಯ ಕೋನ ತೆರೆದುಕೊಳ್ಳುತ್ತದೆ. ಬಲಗೈಯಲ್ಲಿ ನಾಣ್ಯ ಪಾಮ್ ಮಾಡುವವರಾದರೆ, ಅಂದರೆ ಅಂಗೈಯಲ್ಲಿ ಅಡಗಿಸಿಡುವವರಾದರೆ, ಅದನ್ನು ಕನ್ನಡಿ ಇಟ್ಟು ನೋಡಿಕೊಂಡೇ ತೀರ್ಮಾನಿಸಿ. ನಾನಂತೂ ನಾಲ್ಕು ಕಾಲನ್ನೇ ಹೇಳುತ್ತೇನೆ.