ಎರಡನೇ ಎಫ್‌ಸಿಂಕ್ ಯಶಸ್ವಿಯಾದರೂ ಡಿಸ್ಕ್‌ನಲ್ಲಿ ಹಳೆಯ ದಾಖಲೆಯೇ ಇದೆ: ಜರ್ನಲ್ ಇದ್ದೂ ಹೀಗೇಕೆ?

ಪ್ರಶ್ನೆ

ನಮ್ಮ ದಾಸ್ತಾನು ಸೇವೆ ನಿಗದಿತ ಗಾತ್ರದ ಒಂದೇ ಫೈಲ್‌ನಲ್ಲಿ 4 ಕೆಬಿ ದಾಖಲೆಗಳನ್ನು ಇದ್ದಲ್ಲೇ ತಿದ್ದಿ ಬರೆಯುತ್ತದೆ. ಫೈಲ್ ಸಿಸ್ಟಂ ಲಿನಕ್ಸ್‌ನ ಇಎಕ್ಸ್‌ಟಿ4 (ಬದಲಾವಣೆಗಳನ್ನು ಮೊದಲು ಜರ್ನಲ್ ಎಂಬ ಜಾಗದಲ್ಲಿ ಬರೆದಿಟ್ಟುಕೊಳ್ಳುವಂಥದ್ದು), ಡೇಟಾ ವಿಧಾನ ಆರ್ಡರ್ಡ್. ಪ್ರತಿ ಬಾರಿ ಬರೆದ ಮೇಲೆ ಎಫ್‌ಸಿಂಕ್ (ಬರೆದದ್ದನ್ನು ಡಿಸ್ಕ್‌ಗೆ ತಲುಪಿಸು ಎಂದು ಕರ್ನಲ್‌ಗೆ ಹೇಳುವ ಕರೆ) ಕರೆಯುತ್ತದೆ. ಅದು ವಿಫಲವಾದರೆ ಮತ್ತೊಮ್ಮೆ ಕರೆಯುತ್ತದೆ, ಆ ಬಳಿಕ ದಾಖಲೆಯನ್ನು ಓದಿ ಹೋಲಿಸುತ್ತದೆ, ಸರಿಯಿದ್ದರೆ ಮಾತ್ರ ಗ್ರಾಹಕರಿಗೆ ದೃಢೀಕರಣ ಕಳುಹಿಸುತ್ತದೆ.

ಮೊನ್ನೆ ಕರ್ನಲ್ ಲಾಗ್‌ನಲ್ಲಿ ಮೊದಲು ಈ ಐನೋಡ್‌ಗೆ (ಫೈಲ್ ಸಿಸ್ಟಂನ ಒಳಗೆ ಫೈಲ್ ಅನ್ನು ಗುರುತಿಸುವ ನಮೂದು) ಬರೆಯುವಾಗ ಐ/ಒ (ಓದು-ಬರಹದ) ದೋಷ ಎಂಬ ಎಚ್ಚರಿಕೆ ಬಂತು. ಸ್ವಲ್ಪ ಹೊತ್ತಿನ ನಂತರ ‘ಅಬಾರ್ಟಿಂಗ್ ಜರ್ನಲ್ ಆನ್ ಡಿವೈಸ್ ಎಸ್‌ಡಿಬಿ1-8’ ಎಂಬ ಸಾಲು ಬಂದು ವಿಭಾಗ ಓದಲು ಮಾತ್ರ ಎಂಬ ಸ್ಥಿತಿಗೆ ಹೋಯಿತು. ಯಂತ್ರವನ್ನು ಮರಳಿ ಆರಂಭಿಸಿದಾಗ ಜರ್ನಲ್ ಮರುಚಾಲನೆಯಾಯಿತು, ಫೈಲ್ ಸಿಸ್ಟಂ ಪರೀಕ್ಷಿಸುವ ಎಫ್‌ಎಸ್‌ಸಿಕೆ ಯಾವ ತಕರಾರೂ ಹೇಳಲಿಲ್ಲ. ಆದರೆ ಫೈಲ್‌ನ ಬದಲಾವಣೆಯ ಸಮಯ ಹೊಸದು, ಒಳಗಿನ ಎರಡು ದಾಖಲೆಗಳು ಹಳೆಯವು. ಅವೆರಡಕ್ಕೂ ದೃಢೀಕರಣ ಹೋಗಿದೆ. ಓದಿ ಹೋಲಿಸಿದ ಮೇಲೂ ಇದು ಹೇಗೆ ಸಾಧ್ಯ?

ಉತ್ತರ 1

ಡೇಟಾ ವಿಧಾನವನ್ನು ಆರ್ಡರ್ಡ್‌ನಿಂದ ಜರ್ನಲ್‌ಗೆ ಬದಲಿಸಿ. ಆಗ ಫೈಲ್‌ನ ಒಳಗಿನ ಡೇಟಾ ಕೂಡ ಮೊದಲು ಜರ್ನಲ್‌ಗೆ ಹೋಗುತ್ತದೆ.

ಉತ್ತರ 2

ಮೇಲಿನ ಸಲಹೆಯನ್ನು ಒಪ್ಪುವುದಿಲ್ಲ, ಕಾರಣಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಪ್ರಶ್ನೆ.

ಜರ್ನಲ್ ಇರುವುದು ಬರೆಯುತ್ತಿರುವಾಗ ವಿದ್ಯುತ್ ಹೋದರೆ ಫೈಲ್ ಸಿಸ್ಟಂನ ರಚನೆ ಅರ್ಧಂಬರ್ಧ ಆಗದಿರಲಿ ಎಂದು. ಡಿಸ್ಕ್ ‘ಬರೆಯಲಾರೆ’ ಎಂದಾಗ ಅದರ ಬಳಿ ಬೇರೆ ಉಪಾಯವಿಲ್ಲ, ಏಕೆಂದರೆ ಜರ್ನಲ್ ಇರುವುದೂ ಸಾಮಾನ್ಯವಾಗಿ ಅದೇ ಡಿಸ್ಕ್‌ನಲ್ಲಿ. ನಿಮ್ಮ ಲಾಗ್‌ನ ‘-8’ ಎಂದರೆ ಜರ್ನಲ್ ಕುಳಿತಿರುವ ಐನೋಡ್‌ನ ಸಂಖ್ಯೆ. ಜರ್ನಲ್‌ಗೇ ಬರೆಯಲಾಗದಿದ್ದಾಗ ಮುಂದಿನ ಯಾವ ಬದಲಾವಣೆಯನ್ನೂ ನಂಬುವಂತಿಲ್ಲ. ಆದ್ದರಿಂದ ಅದು ಬಾಗಿಲು ಹಾಕಿತು. ಅದು ಸರಿಯಾದ ನಡೆ.

ಅನಾಹುತ ಆದದ್ದು ಅದಕ್ಕೂ ಮೊದಲು. ಆರ್ಡರ್ಡ್ ವಿಧಾನದಲ್ಲಿ ಜರ್ನಲ್‌ಗೆ ಹೋಗುವುದು ಮೆಟಾಡೇಟಾ ಮಾತ್ರ: ಫೈಲ್‌ನ ಸಮಯ, ಗಾತ್ರ, ಬ್ಲಾಕ್‌ಗಳ ನಕ್ಷೆ. ನಿಮ್ಮ ದಾಖಲೆಯ 4 ಕೆಬಿ ನೇರವಾಗಿ ತನ್ನ ಜಾಗಕ್ಕೆ ಹೋಗುವಾಗ ಸೋತಿತು, ಮೊದಲ ಎಫ್‌ಸಿಂಕ್ ಇಐಒ, ಅಂದರೆ ಐ/ಒ ದೋಷ ಕೊಟ್ಟಿತು. ಆ ಕ್ಷಣದಲ್ಲಿ ಇಎಕ್ಸ್‌ಟಿ4 ಪುಟ ಸಂಗ್ರಹದಲ್ಲಿ (ಫೈಲ್‌ಗಳ ಡೇಟಾವನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಇದ್ದ ಆ ಪುಟವನ್ನು ‘ಬರೆಯಲು ಬಾಕಿ ಇದೆ’ ಎಂಬ ಪಟ್ಟಿಯಿಂದ ತೆಗೆದುಬಿಡುತ್ತದೆ. ಎರಡನೇ ಎಫ್‌ಸಿಂಕ್ ನೋಡುವಾಗ ಬಾಕಿಯೇ ಇಲ್ಲ. ದೋಷದ ಸುದ್ದಿಯನ್ನು ಒಮ್ಮೆ ತಿಳಿಸಿ ಆಗಿದೆ. ಹಾಗಾಗಿ ಅದು ಸೊನ್ನೆ ಹಿಂತಿರುಗಿಸಿತು. ಅದು ಯಶಸ್ಸಿನ ಸೊನ್ನೆಯಲ್ಲ, ಮಾಡಲು ಏನೂ ಉಳಿದಿಲ್ಲವೆಂಬ ಸೊನ್ನೆ.

ಇನ್ನು ನಿಮ್ಮ ಓದಿ ಹೋಲಿಸುವ ಹೆಜ್ಜೆ. ಅದು ಡಿಸ್ಕ್‌ವರೆಗೆ ಹೋಗಲೇ ಇಲ್ಲ. ಪುಟ ಸಂಗ್ರಹದಲ್ಲಿ ಹೊಸ ದಾಖಲೆ ಹಾಗೆಯೇ ಇತ್ತು, ಅದನ್ನೇ ಓದಿ ‘ಸರಿಯಿದೆ’ ಎಂದಿತು. ಯಂತ್ರ ಮರಳಿ ಆರಂಭವಾದಾಗ ಸಂಗ್ರಹ ಅಳಿಸಿತು, ಡಿಸ್ಕ್‌ನಲ್ಲಿದ್ದ ಹಳೆಯದು ಹೊರಬಂತು. ಹೊಸ ಸಮಯ ಜರ್ನಲ್ ಮೂಲಕ ಸುರಕ್ಷಿತವಾಗಿ ತಲುಪಿದೆ, ದಾಖಲೆ ತಲುಪಿಲ್ಲ. ಎಫ್‌ಎಸ್‌ಸಿಕೆ ರಚನೆಯನ್ನು ಮಾತ್ರ ನೋಡುವುದರಿಂದ ಅದಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ತಂಡ ಇದೇ ಗುಂಡಿಯನ್ನು ಕಂಡುಕೊಂಡಿತು. ಅದಕ್ಕೂ ಮೊದಲೇ, 2017ರ ಲಿನಕ್ಸ್ 4.13ರಲ್ಲಿ, ಫೈಲ್ ತೆರೆದಿಟ್ಟುಕೊಂಡಿರುವ ಪ್ರತಿಯೊಬ್ಬರಿಗೂ ದೋಷ ಒಮ್ಮೆಯಾದರೂ ತಲುಪುವಂತೆ ವರದಿಯ ವ್ಯವಸ್ಥೆ ಸುಧಾರಿಸಿತ್ತು. ಆದರೂ ‘ಒಮ್ಮೆ’ ಎಂಬುದು ಬದಲಾಗಲಿಲ್ಲ. 2019ರ ಫೆಬ್ರವರಿಯ ಬಿಡುಗಡೆಗಳಿಂದ ಪೋಸ್ಟ್‌ಗ್ರೆಸ್ ಡೇಟಾ ಫೈಲ್‌ನ ಎಫ್‌ಸಿಂಕ್ ಸೋತರೆ ಮರುಪ್ರಯತ್ನ ಮಾಡುವುದಿಲ್ಲ, ಪೂರ್ವನಿಯೋಜಿತವಾಗಿ ಪ್ಯಾನಿಕ್ ಆಗಿ ನಿಲ್ಲುತ್ತದೆ, ತನ್ನದೇ ಲಾಗ್‌ನಿಂದ ಚೇತರಿಸಿಕೊಳ್ಳುತ್ತದೆ. ನಿಮ್ಮ ಸೇವೆಗೂ ಬೇಕಾದದ್ದು ಅದೇ: ಮೊದಲ ದೋಷಕ್ಕೇ ನಿಲ್ಲಬೇಕು. ದಾಖಲೆಯ ಮೂಲ ಪ್ರತಿ ನಿಮ್ಮ ಕೈಯಲ್ಲಿದ್ದರೆ ಬೇರೆ ಡಿಸ್ಕ್‌ಗೆ ಹೊಸದಾಗಿ ಬರೆಯಿರಿ.

ಉತ್ತರ 1ರ ವಿಷಯ: ಡೇಟಾ ಜರ್ನಲ್‌ಗೆ ಹೋದರೂ ಅಲ್ಲಿಗೆ ಮುಗಿಯುವುದಿಲ್ಲ. ಜರ್ನಲ್ ತಲುಪಿದೊಡನೆ ಎಫ್‌ಸಿಂಕ್ ‘ಆಯಿತು’ ಎನ್ನುತ್ತದೆ, ತನ್ನ ಜಾಗಕ್ಕೆ ಬರೆಯುವ ಕೆಲಸ ಆಮೇಲೆ. ಆಗ ಸೋತರೆ ನಿಮ್ಮ ಪ್ರೋಗ್ರಾಂಗೆ ಹೇಳುವವರೇ ಇಲ್ಲ. ದೋಷದ ಸುದ್ದಿ ಇನ್ನಷ್ಟು ತಡವಾಯಿತು ಅಷ್ಟೇ.

ಪ್ರಶ್ನೆ ಕೇಳಿದವರು

ಈಗ ಎಲ್ಲವೂ ಹೊಂದಿಕೆಯಾಗುತ್ತಿದೆ, ಧನ್ಯವಾದ. ಮರುಪ್ರಯತ್ನದ ಭಾಗವನ್ನು ತೆಗೆಯುತ್ತಿದ್ದೇವೆ. ಇನ್ನೆರಡು ಸಂದೇಹ. ಮೌಂಟ್ ಆಯ್ಕೆಯಲ್ಲಿ ‘ಎರರ್ಸ್=ರಿಮೌಂಟ್-ಆರ್‌ಒ’ (ದೋಷ ಬಂದರೆ ಓದಲು ಮಾತ್ರ ಎಂಬ ಸ್ಥಿತಿಗೆ ಹೋಗು) ಹಾಕಿಯೇ ಇತ್ತು, ಮೊದಲ ದೋಷಕ್ಕೇ ಅದು ಏಕೆ ಕೆಲಸ ಮಾಡಲಿಲ್ಲ? ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 5 ಮತ್ತು 197ನೇ ಸಾಲುಗಳು ಸೊನ್ನೆಯಲ್ಲ, 199 ಸೊನ್ನೆ. ಡಿಸ್ಕ್ ಬದಲಿಸುವವರೆಗೆ ಎಫ್‌ಎಸ್‌ಸಿಕೆಯಿಂದ ಕೆಟ್ಟ ಬ್ಲಾಕ್ ಗುರುತಿಸಿ ಮುಂದುವರಿಯಬಹುದೇ?

ಉತ್ತರ 2

ಆ ಆಯ್ಕೆ ಮೆಟಾಡೇಟಾ ದೋಷಗಳಿಗೆ. ಫೈಲ್‌ನ ಡೇಟಾ ಬರೆಯುವಾಗ ಬಂದ ದೋಷ ಅದರ ವ್ಯಾಪ್ತಿಗೆ ಬರುವುದಿಲ್ಲ. ಆರ್ಡರ್ಡ್ ವಿಧಾನದಲ್ಲಿ ಡೇಟಾ ದೋಷಕ್ಕೂ ಜರ್ನಲ್ ನಿಲ್ಲಿಸುವ ‘ಡೇಟಾ_ಎರ್=ಅಬಾರ್ಟ್’ ಎಂಬ ಬೇರೆಯೇ ಆಯ್ಕೆಯಿದೆ, ಹಾಕಬಹುದು. ಆದರೆ ಅದರ ಮೇಲೆ ಭಾರ ಹಾಕಿ ಎಫ್‌ಸಿಂಕ್‌ನ ಉತ್ತರವನ್ನು ನೋಡದೆ ಬಿಡಬೇಡಿ.

ಮುಂದುವರಿಯುವ ಮಾತು ಬೇಡವೇ ಬೇಡ. 199 ಏರಿದ್ದರೆ ಮೊದಲು ಕೇಬಲ್ ನೋಡಿ ಎನ್ನುತ್ತಿದ್ದೆ. 5 ಎಂದರೆ ಈಗಾಗಲೇ ಬದಲಿ ಜಾಗಕ್ಕೆ ಸ್ಥಳಾಂತರಿಸಿದ ಸೆಕ್ಟರ್‌ಗಳು, 197 ಎಂದರೆ ಸರದಿಯಲ್ಲಿರುವವು. ಕೆಟ್ಟ ಸೆಕ್ಟರ್‌ಗೆ ಬರೆದಾಗ ಆರೋಗ್ಯವಂತ ಡಿಸ್ಕ್ ಸದ್ದಿಲ್ಲದೆ ಬದಲಿ ಜಾಗ ಕೊಡುತ್ತದೆ. ಬರೆಯುವುದೇ ಸೋಲುತ್ತಿದೆ ಎಂದರೆ ಆ ದಾರಿಯೂ ಮುಚ್ಚುತ್ತಿದೆ.

ಸೇವೆ ನಿಲ್ಲಿಸಿ, ವಿಭಾಗವನ್ನು ಅನ್‌ಮೌಂಟ್ ಮಾಡಿ, ಡಿಡಿರೆಸ್ಕ್ಯೂನಿಂದ (ಕೆಟ್ಟ ಡಿಸ್ಕ್‌ನಿಂದ ಡೇಟಾ ಉಳಿಸುವ ಸಾಧನ) ಇಡೀ ಡಿಸ್ಕ್‌ನ ಪ್ರತಿ ತೆಗೆಯಿರಿ. ಎಲ್ಲಿಯವರೆಗೆ ಪ್ರತಿಯಾಯಿತು ಎಂದು ಅದು ಬರೆದಿಡುವ ಮ್ಯಾಪ್ ಫೈಲ್ ಬೇರೆ ಡಿಸ್ಕ್‌ನಲ್ಲಿರಲಿ, ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಎಫ್‌ಎಸ್‌ಸಿಕೆ ಏನಿದ್ದರೂ ಆ ಪ್ರತಿಯ ಮೇಲೆ. ಮೂಲವನ್ನು ಇಣುಕಿ ನೋಡಲೇಬೇಕಾದರೆ ‘ಆರ್‌ಒ’ (ಓದಲು ಮಾತ್ರ) ಜೊತೆಗೆ ‘ನೋಲೋಡ್’ (ಜರ್ನಲ್ ಲೋಡ್ ಮಾಡಬೇಡ) ಸೇರಿಸಿ. ‘ಆರ್‌ಒ’ ಒಂದೇ ಕೊಟ್ಟರೆ ಮೌಂಟ್ ಆಗುವಾಗ ಇಎಕ್ಸ್‌ಟಿ4 ಜರ್ನಲ್ ಮರುಚಾಲನೆಗಾಗಿ ಡಿಸ್ಕ್‌ಗೆ ಬರೆಯುತ್ತದೆ.

ಉತ್ತರ 3

ತಿದ್ದಿದ ಪ್ರೋಗ್ರಾಂ ಅನ್ನು ಪರೀಕ್ಷಿಸಲು ಕೆಟ್ಟ ಡಿಸ್ಕ್ ಹುಡುಕಬೇಕಿಲ್ಲ. ಲಿನಕ್ಸ್‌ನ ಡಿವೈಸ್ ಮ್ಯಾಪರ್‌ನಲ್ಲಿ ಬೇಕೆಂದೇ ದೋಷ ತೋರಿಸುವ ಫ್ಲೇಕಿ ಟಾರ್ಗೆಟ್‌ಗೆ ‘ಎರರ್_ರೈಟ್ಸ್’ ಕೊಟ್ಟರೆ ನೀವು ಹೇಳಿದ ಅವಧಿಯಲ್ಲಿ ಬರೆಯುವುದು ಮಾತ್ರ ಸೋಲುತ್ತದೆ, ಓದುವುದು ನಡೆಯುತ್ತದೆ. ಪರೀಕ್ಷೆಯಲ್ಲಿ ಓದಿ ಹೋಲಿಸುವ ಮೊದಲು ವಿಭಾಗವನ್ನು ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ, ಇಲ್ಲವಾದರೆ ಪುಟ ಸಂಗ್ರಹವೇ ಮತ್ತೆ ಉತ್ತರ ಕೊಡುತ್ತದೆ.